ಸೆರಗಿನ ಗಂಟಿನ ಬೆಲ್ಲ

ಹತ್ತು ಗಂಟೆಗೆ ಬೆಲ್ಲ ಬರುತ್ತದೆ. ಮೂಗಿಗೆ ಮಾಸ್ಕು ಬರುವುದಿಲ್ಲ. ಕೈಗೆ ಗವಸು ಬರುವುದಿಲ್ಲ. ಸಾಬೂನು ಬರುವುದಿಲ್ಲ. ಬೆಲ್ಲ ಮಾತ್ರ ಒಂದು ದಿನವೂ ತಪ್ಪಿಲ್ಲ.

ಕೂಡ್ಲಿಗಿಯಿಂದ ಹೊಸಹಳ್ಳಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದ ಮೇಲೆ, ಹಳೆಯ ಶೇಂಗಾ ಮಿಲ್ಲೊಂದಿದೆ. ಶೇಂಗಾ ಒಡೆಯುವ ಯಂತ್ರ ನಿಂತು ಬಹಳ ಕಾಲವಾಯಿತು. ಈಗ ಅಲ್ಲಿ ಒಡೆಯುವುದು ಕಂಪ್ಯೂಟರು, ಟಿವಿ, ಮೊಬೈಲು. ದೊಡ್ಡ ಊರುಗಳು ಬಳಸಿ ಬಿಸಾಕಿದ್ದು ಲಾರಿ ತುಂಬಿ ಬಂದು ಇಲ್ಲಿ ಬೀಳುತ್ತದೆ. ಗೇಟಿಗೆ ಹೆಸರಿಲ್ಲ. ಒಳಗೆ ದುಡಿಯುವವರೆಲ್ಲ ಕೇರಿಯ ಹೆಂಗಸರು.

ಪಂಪಮ್ಮ ಕೂರುವುದು ಒಲೆಯ ಮುಂದೆ. ಒಲೆಯ ಮೇಲೆ ಕಬ್ಬಿಣದ ತಗಡು. ತಗಡಿನ ಮೇಲೆ ಹಸಿರು ಬೋರ್ಡು ಇಡಬೇಕು. ಅದು ಕಾಯುತ್ತದೆ. ಬೆಸುಗೆ ಕರಗುತ್ತದೆ. ಇಕ್ಕಳದಿಂದ ಹಿಡಿದು ಕಲ್ಲಿಗೆ ಬಡಿದರೆ ಬೋರ್ಡಿಗೆ ಅಂಟಿದ್ದೆಲ್ಲ ಉದುರುತ್ತದೆ. ಕರಗಿದ್ದು ಬಾಣಲೆಗೆ ಬಿದ್ದು ಬೆಳ್ಳಗೆ ಹೊಳೆಯುತ್ತದೆ. ಹೆಂಗಸರು ಅದನ್ನು ಬೆಳ್ಳಿ ಎಂದೇ ಕರೆಯುತ್ತಾರೆ. ಹೊಗೆ ನೇರ ಮುಖಕ್ಕೆ ಬರುತ್ತದೆ. ಸಂಜೆ ಉಗುಳಿದರೆ ಉಗುಳು ಕಪ್ಪು. ಬಾಯಲ್ಲಿ ತಾಮ್ರದ ತಂಬಿಗೆ ನೆಕ್ಕಿದ ರುಚಿ. ಊಟಕ್ಕೆ ಕುಳಿತರೂ ಅದೇ ರುಚಿ.

ಹಿಂದಿನ ಗೋಡೆಯ ಬಳಿ ನೀಲಿ ಡ್ರಮ್ಮುಗಳಿವೆ. ಅವುಗಳಲ್ಲಿ ಆಸಿಡ್. ಚಿನ್ನದ ಬಣ್ಣದ ಕಡ್ಡಿಗಳಿರುವ ತುಂಡುಗಳನ್ನು ಅದರಲ್ಲಿ ಮುಳುಗಿಸಿದರೆ ಕಂದು ಹೊಗೆ ಏಳುತ್ತದೆ. ಹೊನ್ನೂರಮ್ಮನ ಕೆಲಸ ಅಲ್ಲಿ. ಆಕೆಯ ಅಂಗೈ ಹಳದಿಯಾಗಿದೆ. ಉಗುರು ಮೆತ್ತಗಾಗಿ ಸುಲಿಯುತ್ತಿವೆ.

"ನಂಗ ಮದರಂಗಿ ಖರ್ಚು ಉಳೀತು ನೋಡ್ರವ್ವಾ," ಎಂದು ಹೊನ್ನೂರಮ್ಮ ಕೈ ಅಗಲಿಸಿ ತೋರಿಸುತ್ತಾಳೆ. "ವರ್ಷೆಲ್ಲಾ ಮದಲಗಿತ್ತಿ ನಾನು."

ನಗುತ್ತಾರೆ. ನಕ್ಕವರು ಕೆಮ್ಮುತ್ತಾರೆ.

ಕೈ ತೊಳೆಯಲು ನೀರಿಲ್ಲ. ಟ್ಯಾಂಕರಿನ ನೀರು ಬೋರ್ಡು ತೊಳೆಯುವುದಕ್ಕೆ. ಆಫೀಸು ಕೋಣೆಯ ಕಟ್ಟೆಯ ಮೇಲೆ ನಲ್ಲಿಯಿರುವ ಕ್ಯಾನು, ಅದರ ನೀರು ಧಣಿಗೆ. "ತಗಡು ಮುಟ್ಟೋ ಕೈಗೆ ನೀರ್ಯಾಕ? ಮತ್ತ ಹೊಲಸಾಗದೇನು ತಪ್ಪತೈತಾ?" ಎನ್ನುತ್ತಾನೆ ಮೇಸ್ತ್ರಿ ಎರ್ರೆಪ್ಪ. ಗೋಣಿಚೀಲಕ್ಕೆ ಕೈ ಒರೆಸಬೇಕು. ಗೋಣಿಚೀಲ ಕೈಗಿಂತ ಕಪ್ಪಗಿದೆ.

ಒಂಬತ್ತಕ್ಕೆ ಧಣಿ ಗುರುಬಸವರಾಜ ಬರುತ್ತಾನೆ. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಶಲ್ಯ. ಮೊದಲು ಡ್ರಮ್ಮುಗಳನ್ನು ನೋಡುತ್ತಾನೆ. ಅಲ್ಲಿಗೆ ಹೋಗುವಾಗ ಮೊಣಕೈವರೆಗೆ ರಬ್ಬರಿನ ಗವಸು ಹಾಕಿಕೊಳ್ಳುತ್ತಾನೆ. ಮುಖಕ್ಕೆ ದಪ್ಪ ಮಾಸ್ಕು ಕಟ್ಟಿಕೊಳ್ಳುತ್ತಾನೆ. ಎರಡನ್ನೂ ಬಿಚ್ಚಿಟ್ಟು ಕೈ ತೊಳೆದು, ಗೋಡೆಯಲ್ಲಿರುವ ಊರಮ್ಮನ ಪಟಕ್ಕೆ ಊದುಬತ್ತಿ ಬೆಳಗುತ್ತಾನೆ. ಹಿತ್ತಾಳೆ ತಟ್ಟೆಯಲ್ಲಿ ಬೆಲ್ಲದ ಚೂರು. ಪಟಕ್ಕೆ ತೋರಿಸಿ ತಂದು ಹಂಚುತ್ತಾನೆ. ಹೆಂಗಸರು ಸಾಲಾಗಿ ನಿಂತು ಬೊಗಸೆ ಒಡ್ಡುತ್ತಾರೆ. ಆತ ಮೇಲಿನಿಂದ ಬಿಡುತ್ತಾನೆ. ಬೆರಳಿಗೆ ಬೆರಳು ತಾಗಬಾರದು.

"ತಿನ್ರವ್ವಾ, ತಿನ್ರಿ. ಬೆಲ್ಲ ತಿಂದ್ರ ಎದಿಯಾಗಿನ ಹೊಗಿಯೆಲ್ಲಾ ಕರಗಿ ಕೆಳಗ ಇಳೀತೈತಿ. ಮ್ಯಾಲೆ ತಾಯಿ ಪ್ರಸಾದ."

ಊರಮ್ಮನ ಗುಡಿಯ ಕಟ್ಟೆಯನ್ನು ಈ ಹೆಂಗಸರು ಒಮ್ಮೆಯೂ ಹತ್ತಿಲ್ಲ. ದೂರ ನಿಂತು ಕೈಮುಗಿದವರು. ಇಲ್ಲಿ ತಾಯಿಯೇ ಬೊಗಸೆಗೆ ಬಂದಂತೆ ಅನಿಸುತ್ತಿತ್ತು. ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಬೆವೆತ ಕೈಯಲ್ಲಿ ಬೆಲ್ಲ ಅಂಟುತ್ತಿತ್ತು, ಕಪ್ಪಾಗುತ್ತಿತ್ತು.

ಪಂಪಮ್ಮ ತಿನ್ನುತ್ತಿರಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಕಟ್ಟುತ್ತಿದ್ದಳು. ಮನೆಯಲ್ಲಿ ಗಾಳೆಮ್ಮ ಇದ್ದಳು. ನಾಲ್ಕು ವರ್ಷದ ಮಗಳು, ಗಾಳಿ ಎಂದು ಕರೆಯುತ್ತಿದ್ದರು. ಸಂಜೆ ಅವ್ವ ಬರುವುದನ್ನೇ ಕಾದು ಓಡಿ ಬಂದು, ಕೈ ಕಾಲು ನೋಡುವ ಮೊದಲು ಸೆರಗು ನೋಡುವಳು. ಹಲ್ಲಿನಿಂದಲೇ ಗಂಟು ಬಿಚ್ಚುವಳು. ಬೆಲ್ಲ ತೀರಿದ ಮೇಲೆ ಸೆರಗಿನ ತುದಿಯನ್ನೇ ಬಾಯಿಗಿಟ್ಟು ಚೀಪುವಳು, ಸಿಹಿ ಹೋಗುವ ತನಕ.

ಪಕ್ಕದ ಮನೆಯ ಜಂಬಕ್ಕ ಮಿಲ್ಲಿನಲ್ಲಿ ವಯಸ್ಸಿಗೆ ಹಿರಿಯಳು. ಊರಮ್ಮ ತಾಯಿಯ ಹಾಡು, ಪದಗಳೆಲ್ಲ ಆಕೆಗೆ ಬಾಯಿಪಾಠ. ಗಾಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಸಾಲು ಹೇಳಿಕೊಡುತ್ತಿದ್ದಳು.

"ಬಾಗಿಲ ಹೊರಗ ನಿಂತೀನಿ ತಾಯಿ, ಬಿಸಿಲಿಗಿ ಬೆಂದೀನಿ. ಒಳಗಿನ ದೀಪ ಹೊರಗ ತಾರ, ನಿನ ಮಕ ನೋಡೀನಿ."

ಮಗು ಒಂದೇ ಸಲಕ್ಕೆ ಹಿಡಿಯುತ್ತಿತ್ತು. ಉದ್ದುದ್ದ ಪದಗಳನ್ನು ತೊದಲಿ ತೊದಲಿ ಕೊನೆ ಮುಟ್ಟಿಸುತ್ತಿತ್ತು. ಆಮೇಲೆ ಏನಾಯಿತೋ, ಮರೆಯತೊಡಗಿತು. "ಒಳಗಿನ ದೀಪ" ಎಂದು ನಿಲ್ಲುವಳು. ಮತ್ತೆ ಮೊದಲಿಂದ ಶುರು ಮಾಡುವಳು. ಮತ್ತೆ ಅಲ್ಲೇ ನಿಲ್ಲುವಳು. ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುವಳು. ರೊಟ್ಟಿ ಬೇಡ ಎನ್ನುವಳು, ಗೋಡೆಯ ಮಣ್ಣು ಕೆರೆದು ತಿನ್ನುವಳು. ಮುಖ ಬಿಳುಚಿತು.

"ಜಂತುಹುಳ ಇದ್ದೀತು. ಇಲ್ಲಾ ದಿಟ್ಟಿ ಆಗ್ಯಾದ," ಎಂದಳು ಜಂಬಕ್ಕ. "ತಾಯಿ ಪ್ರಸಾದ ಎಳ್ಡು ಚೂರು ಕೇಳಿ ಒಯ್ದು ತಿನಿಸು. ಆಕಿ ಕೈ ಬಿಡಂಗಿಲ್ಲ."

ಪಂಪಮ್ಮ ಕೇಳಿದಳು. ಗುರುಬಸವರಾಜ ತಕ್ಷಣ ಕೊಟ್ಟ. "ಪಾಪ, ಒಯ್ಯವ್ವಾ. ಕೂಸಿಗಿಂತ ಹೆಚ್ಚೇನು?" ಅಂದಿನಿಂದ ಎರಡು ಚೂರು. ಗಂಟು ದಪ್ಪವಾಯಿತು. ಮಗು ಮತ್ತೂ ಸೊರಗಿತು.

ಒಂದು ದಿನ ಗಾಳಿ ವಾಂತಿ ಮಾಡಿ ಕಣ್ಣು ಮೇಲೆ ಮಾಡಿದಳು. ಸುದ್ದಿ ಮುಟ್ಟಿದ್ದು ಮಿಲ್ಲಿನಲ್ಲಿ ಬೆಲ್ಲ ಹಂಚಿದ ಮೇಲೆ. ಪಂಪಮ್ಮ ಉಟ್ಟ ಸೀರೆಯಲ್ಲೇ ಓಡಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂಡ್ಲಿಗಿ ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ಸೂಜಿ ಹಾಕಿ ಮಗುವನ್ನು ಎಚ್ಚರಕ್ಕೆ ತಂದರು. ಹೊಟ್ಟೆ ಒತ್ತಿ ನೋಡಿದರು. ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿ ಗೆರೆಯಿತ್ತು.

"ಏನು ಕೆಲಸ ಮಾಡ್ತೀರಮ್ಮ?"

"ಬೋರ್ಡು ಸುಡ್ತೀನ್ರೀ. ಶೇಂಗಾ ಮಿಲ್ಲಿನಾಗ."

ಅಷ್ಟರಲ್ಲಿ ಗಾಳಿ ಅವ್ವನ ಸೆರಗು ಎಳೆದುಕೊಂಡು ಗಂಟನ್ನು ಬಾಯಿಗಿಟ್ಟುಕೊಂಡಿದ್ದಳು.

"ಅದೇನದು ಬಾಯಲ್ಲಿ?"

"ಬೆಲ್ಲಾರೀ. ಊರಮ್ಮನ ಪ್ರಸಾದ. ದಿನಾ ಒಯ್ತೀನ್ರೀ, ಕೂಸಿಗಿ."

ಡಾಕ್ಟರಮ್ಮ ಸೆರಗನ್ನು ಮಗುವಿನ ಬಾಯಿಂದ ಮೆಲ್ಲಗೆ ತೆಗೆದರು. ಗಂಟು ಬಿಚ್ಚಿದರು. ಒದ್ದೆ ಹತ್ತಿಯಿಂದ ಬೆಲ್ಲದ ಚೂರನ್ನು ಒರೆಸಿದರು. ಹತ್ತಿ ಕಪ್ಪಾಯಿತು. ಪಂಪಮ್ಮನ ಅಂಗೈ ಒರೆಸಿದರು. ಅದೇ ಕಪ್ಪು.

"ಬೋರ್ಡಿಂದ ಬೆಳ್ಳಗೆ ಕರಗುತ್ತಲ್ಲ, ಅದರಲ್ಲಿ ಸೀಸ ಇರುತ್ತಮ್ಮ. ವಿಷ ಅದು. ಇವಳ ಮೈಗೆ ಅದೇ ಸೇರಿದೆ ಅನ್ನಿಸುತ್ತೆ. ರಕ್ತ ನೋಡಿದ ಮೇಲೆ ಖಾತ್ರಿಯಾಗುತ್ತೆ. ಬಳ್ಳಾರಿಗೆ ಬರೆದುಕೊಡ್ತೀನಿ, ತಡ ಮಾಡಬೇಡಿ. ದೊಡ್ಡವರಿಗಿಂತ ಮಕ್ಕಳಿಗೆ ಕಷ್ಟ. ಅದು ತಲೆಗೆ ಹೋಗುತ್ತೆ. ಕಲಿತಿದ್ದು ಮರೆಯುತ್ತೆ."

"ಬೆಲ್ಲ ತಿಂದ್ರ ಹೊಗಿ ಕರಗತೈತಿ ಅಂತ..."

"ಬೆಲ್ಲ ಏನೂ ಕರಗಿಸಲ್ಲ. ಕೈಯಲ್ಲಿರೋದನ್ನ ಹೊಟ್ಟೆಗೆ ಇಳಿಸುತ್ತೆ, ಅಷ್ಟೆ."

ಪಂಪಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಳು. ತನ್ನ ಬಾಯಿಗೆ ಹಾಕಿಕೊಳ್ಳದೆ ಉಳಿಸಿ ತಂದದ್ದು. ಗಂಟು ಕಟ್ಟಿ ತಂದದ್ದು. ಕೇಳಿ, ಎರಡು ಚೂರು ಮಾಡಿ ತಂದದ್ದು. ಅವಳಿಗೆ ಅಳು ಬರಲಿಲ್ಲ. ಆಸ್ಪತ್ರೆಯ ನಲ್ಲಿಗೆ ಹೋಗಿ ಕೈ ತಿಕ್ಕಿದಳು. ಕಲ್ಲಿಗೆ ಹಾಕಿ ತಿಕ್ಕಿದಳು. ಚರ್ಮ ಕಿತ್ತು ರಕ್ತ ಬಂತು. ಗೆರೆಗಳಲ್ಲಿ ಕಪ್ಪು ಹಾಗೇ ಇತ್ತು.

ಮಗುವನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಗಂಡ ಅಂಜಿನಿ ಹಮಾಲಿ ಕೆಲಸ ಬಿಟ್ಟು ಬಂದು ಜೊತೆಗೆ ಕುಳಿತ. ಬೆಳಿಗ್ಗೆ ಪಂಪಮ್ಮ ಮಿಲ್ಲಿಗೆ ಹೋದಳು. ಜಗಳಕ್ಕಲ್ಲ. ಆಫೀಸಿನ ಬಾಗಿಲ ಹೊರಗೆ ನಿಂತು ಕೇಳಿದಳು.

"ಧಣೀ, ಕೂಸಿಗಿ ಸೀಸದ ವಿಷ ಏರೈತಂತ್ರೀ. ನಮ್ಮ ಕೈಲಿಂದ, ಬೆಲ್ಲದಾಗ. ನಮಗ ಕೈ ತೊಳ್ಯಾಕ ನೀರು ಬೇಕ್ರಿ. ಸಾಬೂನು ಬೇಕು. ಆ ನಿಮ್ಮ ಗವಸಿನಂಥವು ಬೇಕು."

ಗುರುಬಸವರಾಜ ದನಿ ಏರಿಸಲಿಲ್ಲ. "ಡಾಕ್ಟರ ಮಂದಿ ನೂರು ಹೇಳ್ತಾರ. ಪ್ರಸಾದಕ್ಕ ದೋಷ ಹಚ್ಚಬ್ಯಾಡ ಪಂಪವ್ವಾ. ತಾಯಿ ಮುನಿದ್ರ ಕೂಸಿಗೇ ಕೇಡು."

ಅವಳು ಒಲೆಯ ಬಳಿ ಬರುವ ಮೊದಲೇ ಎರ್ರೆಪ್ಪ ಮಾತು ಮುಟ್ಟಿಸಿದ್ದ. "ಕೇಳಿದ್ರೇನ್ರೇ? ಊರಮ್ಮನ ಪ್ರಸಾದಾನ ವಿಷ ಅಂದಾಳಿಕಿ!"

ಪಕ್ಕದಲ್ಲಿ ಕೂರುವವಳು ತನ್ನ ಗೋಣಿಚೀಲ ಎಳೆದುಕೊಂಡು ದೂರ ಸರಿದಳು. ಜಂಬಕ್ಕ ಮುಖ ತಿರುವಿದಳು. "ಆಡಬಾರದ ಮಾತು ಆಡಿಬಿಟ್ಟೆಲ್ಲೇ," ಎಂದಷ್ಟೇ ಅಂದಳು. ಊರಿಗೆ ಹೊರಗಿನವರು ಅವರು. ಪಂಪಮ್ಮ ಈಗ ಅವರಿಗೂ ಹೊರಗಾದಳು.

ಹತ್ತು ಗಂಟೆಯಾಯಿತು. ತಟ್ಟೆ ಬಂತು. ಸಾಲು ನಿಂತಿತು. ಬೊಗಸೆಗಳು ಎದ್ದವು. ಬೆಲ್ಲ ಬಿತ್ತು, ಬಿತ್ತು, ಬಿತ್ತು. ಕೊನೆಗೆ ನಿಂತ ಪಂಪಮ್ಮನ ಮುಂದೆ ಬಂದಾಗ ಅವಳ ಕೈ ಏಳಲಿಲ್ಲ. ಆತ ಅಭ್ಯಾಸದಂತೆ ಬಿಟ್ಟ. ಬೆಲ್ಲ ನೆಲಕ್ಕೆ ಬಿತ್ತು.

"ಅಯ್ಯಯ್ಯೋ!" ಎಂದಳು ಜಂಬಕ್ಕ. "ತುಳಿದೀಯೇ! ಎತ್ತಿಗ್ಯಾ! ತಪ್ಪಾತು ಅನ್ನು!"

ಪಂಪಮ್ಮ ಬಾಗಿ ಎತ್ತಿಕೊಂಡಳು. ಎರಡು ಕಣ್ಣಿಗೂ ಒತ್ತಿಕೊಂಡಳು. ಪಟದ ಕಡೆ ತಿರುಗಿ ಹೇಳಿದಳು, "ತಾಯೀ, ನಿನ್ನ ಮ್ಯಾಲ ನಂಗೇನೂ ಸಿಟ್ಟಿಲ್ಲ. ನೀನು ಕೊಟ್ಟಿದ್ದಲ್ಲ ಇದು."

ಬೆಳಿಗ್ಗೆಯಿಂದ ಬೋರ್ಡು ಬಡಿದ ಅಂಗೈಯಲ್ಲಿ ಬೆಲ್ಲವನ್ನು ಒಮ್ಮೆ ಉರುಳಿಸಿದಳು. ಕಪ್ಪಾಯಿತು. ಆ ಅಂಗೈಯನ್ನು ಗುರುಬಸವರಾಜನ ಮುಂದೆ ಒಡ್ಡಿದಳು.

"ನಾವು ಹಿಂಗ ತಿಂತೀವಿ ಧಣಿ. ಒಂದಿನ ನೀವೂ ತಿನ್ರಿ."

ಎರ್ರೆಪ್ಪ ಮುಂದೆ ಬಂದ. "ಲೇ, ಯಾರಿಗೆ ಕೈ ಚಾಚೀದಿ? ಎಚ್ಚರೈತೇನು?"

ಗುರುಬಸವರಾಜ ಅವನನ್ನು ತಡೆದ. ಸುತ್ತ ನೋಡಿದ. ಎಲ್ಲ ಕಣ್ಣೂ ತನ್ನ ಮೇಲಿವೆ. ಈ ಮಾತು ಇಲ್ಲೇ ಮುಗಿಯಬೇಕು. ಎರಡು ಬೆರಳ ತುದಿಯಿಂದ, ಅವಳ ಚರ್ಮ ತಾಗದಂತೆ, ಚೂರಿನ ತುದಿ ಮುರಿದು ಬಾಯಿಗೆ ಹಾಕಿಕೊಂಡ. ನುಂಗಿದ.

"ತಿಂದೆ. ನೋಡ್ರವ್ವಾ ಎಲ್ರೂ. ಏನಾತು? ಸತ್ತೆನೇನು?"

ಹೆಂಗಸರು ಉಸಿರು ಬಿಟ್ಟರು. ಜಂಬಕ್ಕ ಪಟಕ್ಕೆ ಕೈಮುಗಿದಳು. ಪಂಪಮ್ಮ ಕೈ ಹಿಂತೆಗೆಯಲಿಲ್ಲ.

"ಇನ್ನಾ ಉಳಿದೈತ್ರಿ. ಇದನ್ನ ಶಲ್ಯದಾಗ ಗಂಟು ಕಟ್ಕೊಳ್ರಿ. ಮನಿಗಿ ಒಯ್ರಿ. ನಿಮ್ಮ ಮೊಮ್ಮಗಳಿಗಿ ತಿನಿಸ್ರಿ. ಒಂದಿನ ಅಲ್ಲ, ದಿನಾ ಒಯ್ರಿ, ನಾ ಒಯ್ದಂಗ. ನನ್ನ ಕೈಲಿಂದನ ಕೊಡ್ತೀನಿ."

ಆತನ ಕೈ ಶಲ್ಯಕ್ಕೆ ಹೋಯಿತು. ಶಲ್ಯವನ್ನು ಎದೆಗೆ ಎಳೆದುಕೊಂಡಿತು.

"ಆ ಹುಡುಗಿಗಿ... ಬೆಲ್ಲ ಆಗಿ ಬರಂಗಿಲ್ಲ."

"ಹೋದ ವಾರ ಆಕಿ ಹುಟ್ಟಿದ ಹಬ್ಬದಾಗ ಕೇಕು ಹೆಂಗ ಆಗಿಬಂತ್ರಿ?" ಸಾಲಿನ ಆ ತುದಿಯಿಂದ ಹೊನ್ನೂರಮ್ಮ ಕೇಳಿದಳು. "ಅಂಗಳದ ಹೊರಗ ನಿಂತು ಎಂಜಲೆಲಿ ಎತ್ತಿದೋಳು ನಾನು. ಕಣ್ಣಾರೆ ನೋಡೀನಿ."

"ಒಯ್ರಿ ಧಣಿ," ಎಂದಳು ಪಂಪಮ್ಮ. "ತಾಯಿ ಪ್ರಸಾದ. ಬ್ಯಾಡ ಅನಬಾರದು."

"ಹುಚ್ಚು ರಂಡೆ!" ಗುರುಬಸವರಾಜ ಅವಳ ಕೈಯನ್ನು ತಟ್ಟೆಯಿಂದ ಹೊಡೆದ. ಬೆಲ್ಲ ಹಾರಿ ಒಲೆಗೆ ಬಿತ್ತು. ಆತ ತಿರುಗಿ ಸರಸರ ಆಫೀಸಿನ ಕಟ್ಟೆಗೆ ಹೋದ. ತಟ್ಟೆ ಅಲ್ಲಿಟ್ಟು ಕ್ಯಾನಿನ ನಲ್ಲಿ ತಿರುವಿದ. ಬಾಯಿ ಮುಕ್ಕಳಿಸಿ ಉಗಿದ. ಮತ್ತೆ ಮುಕ್ಕಳಿಸಿದ. ಆಮೇಲೆ ಸಾಬೂನು ತೆಗೆದು, ಆ ಎರಡು ಬೆರಳನ್ನು ತಿಕ್ಕಿ ತಿಕ್ಕಿ ತೊಳೆದ.

ಹೆಂಗಸರು ನೋಡುತ್ತಿದ್ದರು. ಮುಟ್ಟಿದ್ದಕ್ಕೆ ತೊಳೆದಿದ್ದರೆ ಅವರಿಗೆ ಅದು ಹೊಸದಲ್ಲ. ಮುಟ್ಟಿದ್ದಕ್ಕೆ ಯಾರೂ ಬಾಯಿ ಮುಕ್ಕಳಿಸುವುದಿಲ್ಲ.

ಮೊದಲು ಹೋದವಳು ಜಂಬಕ್ಕ. ಮೆಲ್ಲಗೆ ನಡೆದು ಕಟ್ಟೆಯ ಮುಂದೆ ನಿಂತಳು. ಸೆರಗಿನ ತುದಿಯ ಗಂಟು ಬಿಚ್ಚಿದಳು. ಬೆಲ್ಲ ತೆಗೆದು ಹಿತ್ತಾಳೆ ತಟ್ಟೆಯಲ್ಲಿಟ್ಟಳು.

ಪಂಪಮ್ಮ ಬೆಚ್ಚಿದಳು. "ಯಕ್ಕಾ, ನೀನೂ ಒಯ್ತಿದ್ದೇನು?"

"ಮೊಮ್ಮಗ ಅದಾನಲ್ಲೇ," ಎಂದಳು ಜಂಬಕ್ಕ.

ಇನ್ನೊಬ್ಬಳು ಬಂದಳು. ಗಂಟು ಬಿಚ್ಚಿದಳು. ಮತ್ತೊಬ್ಬಳು. ಹೊನ್ನೂರಮ್ಮ ಕುಪ್ಪಸದೊಳಗಿಂದ ಕಾಗದದ ಪೊಟ್ಟಣ ತೆಗೆದಳು. ಯಾರೂ ತಿಂದಿರಲಿಲ್ಲ. ಒಬ್ಬಳೂ ತಿಂದಿರಲಿಲ್ಲ. ಒಲೆಗೆ ಬಿದ್ದ ಚೂರು ಬಿಟ್ಟರೆ ಹಂಚಿದ್ದಷ್ಟೂ ತಟ್ಟೆಗೆ ಬಂತು. ಹಳದಿ ಬೆಲ್ಲ ಕಪ್ಪಾಗಿ ಬಂತು.

ಜಂಬಕ್ಕ ನಲ್ಲಿಗೆ ಕೈ ಒಡ್ಡಿದಳು.

"ಏಯ್ ಮುದುಕಿ! ಅದು ಧಣಿ ನೀರು!" ಎಂದು ಎರ್ರೆಪ್ಪ ಕೂಗಿದ.

"ನೀರಿಗಿ ಧಣಿ ಇಲ್ಲಪ್ಪಾ," ಎಂದಳು ಜಂಬಕ್ಕ. ಕೈ ತೊಳೆಯುತ್ತಲೇ ಇದ್ದಳು. "ನನ್ನ ಹೊರಗಿಟ್ಟ ಗುಡಿ ಮುಂದ ಇಷ್ಟು ವರ್ಷ ಹಾಡೀನಿ. ಆ ತಾಯಿ ಹೆಸರಿನಾಗ ನನ್ನ ಕೂಸಿಗಿ ವಿಷ ತಿನಿಸಿದ್ದಕ್ಕ ಮಾತ್ರ ಕೈಮುಗಿಯಂಗಿಲ್ಲ."

ಹೆಂಗಸರು ಮುಗಿಬಿದ್ದರು. ಕ್ಯಾನು ಖಾಲಿಯಾಯಿತು. ಕಟ್ಟೆಯಿಂದ ಕಪ್ಪು ನೀರು ಇಳಿದು ಗುರುಬಸವರಾಜನ ಚಪ್ಪಲಿಯ ಕೆಳಗೆ ಹರಿಯಿತು. ಒಲೆಗಳ ಮೇಲೆ ಬೋರ್ಡುಗಳು ಬಡಿಯುವವರಿಲ್ಲದೆ ಸುಟ್ಟು ಕರಕಾದವು. ಯಾರೂ ಹಿಂತಿರುಗಿ ಹೋಗಲಿಲ್ಲ. ಗೇಟು ದಾಟಿದರು.

ಸಂಜೆ ಎರ್ರೆಪ್ಪ ಆಸ್ಪತ್ರೆಗೆ ಬಂದ. ಗಾಳಿ ಮಲಗಿದ್ದ ಮಂಚದ ಬಳಿ ತಲೆ ತಗ್ಗಿಸಿ ನಿಂತ.

"ಪಂಪವ್ವಾ, ಧಣಿ ಕಾರು ಕಳಿಸ್ತಾರ. ನಾಳಿ ನೀನು, ಅಂಜಿನಿ, ಕೂಸು, ಮೂರೂ ಮಂದಿ ಬಳ್ಳಾರಿಗಿ ಹೋಗ್ರಿ. ದೊಡ್ಡ ಡಾಕ್ಟರು, ಔಷಧ, ಎಲ್ಲಾ ಅವರದ. ಒಂದ ಮಾತು. ಜಂತುಹುಳ ಆಗಿತ್ತು ಅನ್ನು. ಮಿಲ್ಲಿನ ಸುದ್ದಿ ಎತ್ತಬ್ಯಾಡ."

ಅಂಜಿನಿ ಹೆಂಡತಿಯ ಮುಖ ನೋಡಿದ. ಮಗು ನಿದ್ದೆಯಲ್ಲೇ ಹೊಟ್ಟೆ ಹಿಡಿದುಕೊಂಡಿತ್ತು. ಪಂಪಮ್ಮ ಮಗುವಿನ ಹೊದಿಕೆ ಸರಿಪಡಿಸಿದಳು. ಕಾರು ಹತ್ತಿದರೆ ಗಾಳಿ ಆರಾಮಾಗಿ ಬಳ್ಳಾರಿ ಮುಟ್ಟುತ್ತಾಳೆ. ಕೇರಿಯ ಉಳಿದ ಮಕ್ಕಳು ಗೋಡೆಯ ಮಣ್ಣು ಕೆರೆಯುತ್ತ ಉಳಿಯುತ್ತವೆ.

"ಕಾರಿನಾಗ ಎಷ್ಟು ಕೂಸು ಹಿಡಿಸ್ತಾವಪ್ಪಾ ಎರ್ರೆಪ್ಪಾ?" ಎಂದು ಕೇಳಿದಳು.

ಎರ್ರೆಪ್ಪ ಮಂಚದ ಕಂಬಿಯನ್ನು ಉಗುರಿನಿಂದ ಕೆರೆದ.

"ಹಂಗಾರ ಬ್ಯಾಡ. ನಾವು ಬಸ್ಸಿಗಿ ಹೋಗ್ತೀವಿ."

ಮರುದಿನ ಬೆಳಿಗ್ಗೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಬಳ್ಳಾರಿ ಬಸ್ಸು ನಿಂತಿತ್ತು. ಕೇರಿಯ ಹೆಂಗಸರು ಬಂದರು. ಸೊಂಟದಲ್ಲಿ ಒಂದು ಕೂಸು, ಕೈಯಲ್ಲಿ ಒಂದು. ಜಂಬಕ್ಕ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಮುಂದಿನ ಸೀಟಿನಲ್ಲಿ ಪಂಪಮ್ಮ, ತೊಡೆಯ ಮೇಲೆ ಗಾಳಿ, ಕೈಯಲ್ಲಿ ಡಾಕ್ಟರಮ್ಮನ ಚೀಟಿ. ಅಂಜಿನಿ ಬಾಗಿಲ ಬಳಿ ನಿಂತು ಒಬ್ಬೊಬ್ಬರ ಮಕ್ಕಳನ್ನು ಎತ್ತಿ ಒಳಗೆ ಕೊಟ್ಟ. ಸೀಟು ತುಂಬಿತು. ನಡುವಿನ ದಾರಿಯೂ ತುಂಬಿತು.

ಕಂಡಕ್ಟರು ತಲೆ ಚಚ್ಚಿಕೊಂಡ. "ಹೆಂಗಸರಿಗಿ ಬಿಟ್ಟಿ ಮಾಡಿದ್ದ ಮಾಡಿದ್ದು, ಊರ ಎದ್ದು ಬಂತಲ್ಲಪಾ! ಆಧಾರ್ ಕಾರ್ಡು ತಗೀರಿ ಎಲ್ರೂ. ಯಾರ ಮದುವಿಗೆ ಹೊಂಟೀರ್ರವ್ವಾ?"

"ಮದುವಿಗಲ್ಲಣ್ಣ," ಎಂದಳು ಹೊನ್ನೂರಮ್ಮ. ಹಳದಿ ಕೈಯಲ್ಲಿ ಕಾರ್ಡು ಹಿಡಿದಿದ್ದಳು. "ರಕ್ತ ಕೊಡಾಕ. ನಮ್ಮ ಕೂಸುಗಳ ರಕ್ತದಾಗ ಧಣಿ ಮಾಲು ಎಷ್ಟೈತಿ ಅಂತ ನೋಡಾಕ. ಅದು ಆದಮ್ಯಾಗ ನಮ್ಮ ಜಿಲ್ಲಾ ಡೀಸಿ ಆಫೀಸು. ಅಲ್ಲೂ ಎಲ್ರೂ ಕೂಡೇ ಕುಂದರ್ತೀವಿ."

ಕಂಡಕ್ಟರು ಅವಳ ಕೈಯನ್ನು ನೋಡಿದ. ಟಿಕೀಟು ಹರಿಯತೊಡಗಿದ.

ಬಸ್ಸು ಹೊರಡುವ ಹೊತ್ತಿಗೆ ಎರ್ರೆಪ್ಪ ಓಡುತ್ತ ಬಂದ. ಎರಡು ಕೈತುಂಬ ಬಿಸ್ಕತ್ತಿನ ಪೊಟ್ಟಣಗಳು. ಕಿಟಕಿಯಿಂದ ಕಿಟಕಿಗೆ ಓಡಿದ.

"ಧಣಿ ಕೊಟ್ಟಾರ್ರೀ. ಮಕ್ಕಳು ದಾರ್ಯಾಗ ತಿನ್ಲಿ ಅಂತ. ತಗೋ ಮರೀ. ತಗೋ, ಕ್ರೀಮಿಂದೈತಿ."

ಗಾಳಿ ಪೊಟ್ಟಣ ನೋಡಿದಳು. ಅವ್ವನ ಮುಖ ನೋಡಿದಳು. ಪಂಪಮ್ಮ ಎರ್ರೆಪ್ಪನ ಕೈಯನ್ನೇ ನೋಡುತ್ತಿದ್ದಳು. ಉಗುರ ಸಂದಿ, ಅಂಗೈ ಗೆರೆ, ಎಲ್ಲ ಕಪ್ಪಗಿತ್ತು.

"ನಿನ್ನ ಮಗಳು ಎಲ್ಲಿ ಅದಾಳ ಎರ್ರೆಪ್ಪಾ?" ಎಂದಳು. "ಕರ್ಕೊಂಡು ಬಾ. ಮುಂದಿನ ಬಸ್ಸಿಗಿ ಬಾ. ನಾವು ಅಲ್ಲೇ ಇರ್ತೀವಿ."

ಬಸ್ಸು ಅಲುಗಿತು. ಎರ್ರೆಪ್ಪ ಪೊಟ್ಟಣ ಚಾಚಿಕೊಂಡೇ ಜೊತೆಗೆ ಓಡಿದ. ಕಿಟಕಿಗಳ ತುಂಬ ಮಕ್ಕಳಿದ್ದರು. ಒಂದು ಕೈಯೂ ಹೊರಗೆ ಬರಲಿಲ್ಲ.